ಕಿಸೆ ಸಣ್ಣದು, ಹಸಿವು ದೊಡ್ಡದು: ಕಾಸರಗೋಡಿನ ಕಾಲೇಜು ಮಕ್ಕಳು ಕಡಿಮೆ ಖರ್ಚಿನಲ್ಲಿ ಊಟ ಮಾಡುವುದು ಹೇಗೆ?

ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಎಂಟನೇ ತರಗತಿಗೆ ಮುಗಿಯುತ್ತದೆ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಹತ್ತನೆಯ ವರೆಗೆ ಉಂಟು. ಅದರ ನಂತರ ಪ್ಲಸ್ ಟು, ಡಿಗ್ರಿ, ಇಂಜಿನಿಯರಿಂಗ್ ಎಂದು ಓದು ಮುಂದುವರಿದಂತೆ ಮಧ್ಯಾಹ್ನದ ಹೊಟ್ಟೆಯ ಜವಾಬ್ದಾರಿ ಪೂರ್ತಿ ಆ ಹುಡುಗ ಅಥವಾ ಹುಡುಗಿಯ ಕಿಸೆಯದ್ದು. ಹದಿನಾರರಿಂದ ಇಪ್ಪತ್ತೆರಡರ ವರೆಗಿನ ವಯಸ್ಸು ಮನುಷ್ಯನಿಗೆ ಅತಿ ಹೆಚ್ಚು ಹಸಿವಾಗುವ ವಯಸ್ಸು. ಅದೇ ವಯಸ್ಸಿನಲ್ಲಿ ಕೈಯಲ್ಲಿ ಅತಿ ಕಡಿಮೆ ದುಡ್ಡು.

ಮನೆಯಿಂದ ಹೊರಗೆ ಹೋಗಿ ಓದುವ ನಮ್ಮ ಮಕ್ಕಳಲ್ಲಿ ಎರಡು ಬಗೆ. ವಿದ್ಯಾನಗರದ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು, ಪೊವ್ವಲ್‌ನ ಎಲ್‌ಬಿಎಸ್, ಪಡನ್ನಕ್ಕಾಡಿನ ನೆಹರೂ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಒಂದು ಬಗೆ. ಮಂಗಳೂರು, ದೇರಳಕಟ್ಟೆ, ಕೊಣಾಜೆ ಕಡೆ ರೂಮ್ ಮಾಡಿಕೊಂಡವರು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಂಥ ಕಡೆ ಹಾಸ್ಟೆಲಿನಲ್ಲಿರುವವರು ಇನ್ನೊಂದು ಬಗೆ. ಈ ಲೇಖನ ಇಬ್ಬರಿಗೂ. ಮನೆಯಲ್ಲಿ ಕುಳಿತು ತಿಂಗಳ ಖರ್ಚು ಕಳಿಸುವ ಉಮ್ಮ-ಉಪ್ಪಂದಿರೂ ಓದಿದರೆ ಒಳ್ಳೆಯದು, ಯಾಕೆಂದರೆ "ಊಟ ಆಯಿತಾ?" ಎಂದು ಫೋನಿನಲ್ಲಿ ಕೇಳಿದಾಗ "ಆಯಿತು" ಎಂದು ಬರುವ ಉತ್ತರದಲ್ಲಿ ಎಷ್ಟೋ ಸಲ ಇರುವುದು ಒಂದು ಚಾ, ಒಂದು ಬನ್ನು.

ಬೇಕಾದದ್ದು ಎಷ್ಟು?

ಮೊದಲು ಒಂದು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣಗಳ ಪ್ರಕಾರ, ಹೆಚ್ಚು ಮೈಬಗ್ಗಿಸಿ ದುಡಿಯದ ವಯಸ್ಕ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ, ಹೆಂಗಸಿಗೆ 1,660 ಕ್ಯಾಲೊರಿ ಬೇಕು. ಪ್ರೊಟೀನ್ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಅಂದರೆ 60 ಕಿಲೋ ತೂಕದ ಹುಡುಗನಿಗೆ ದಿನಕ್ಕೆ 50 ಗ್ರಾಂ ಪ್ರೊಟೀನ್ ಸಾಕು. ಜಿಮ್ಮಿನ ಹುಡುಗರು ಹೇಳುವ ಡಬ್ಬದ ಪೌಡರ್ ಇಲ್ಲದೆಯೇ ಇದನ್ನು ಮುಟ್ಟಬಹುದು.

ಹೇಗೆಂದು ನೋಡಿ. ದಿನಕ್ಕೆ 300 ಗ್ರಾಂ ಅಕ್ಕಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇರುತ್ತದೆ. 50 ಗ್ರಾಂ ಹೆಸರುಕಾಳಿನಲ್ಲಿ 12 ಗ್ರಾಂ, ಎರಡು ಮೊಟ್ಟೆಯಲ್ಲಿ ಇನ್ನೊಂದು 12, ಕಾಲು ಲೀಟರ್ ಹಾಲಿನಲ್ಲಿ 8. ಒಟ್ಟು 54 ಗ್ರಾಂ. ಇನ್ನು ಹಣದ ಕಡೆ ಬನ್ನಿ. ರೇಟು ವಾರವಾರ ಬದಲಾಗುತ್ತದೆ, ಹಾಗಾಗಿ ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಅಕ್ಕಿ ಕಿಲೋಗೆ 45 ರೂ., ಹೆಸರುಕಾಳು 130 ರೂ., ಮೊಟ್ಟೆ ಒಂದಕ್ಕೆ 7 ರೂ., ಹಾಲು ಲೀಟರಿಗೆ 56 ರೂ. ಆಗ ಅಕ್ಕಿಗೆ ಹದಿಮೂರೂವರೆ, ಕಾಳಿಗೆ ಆರೂವರೆ, ಮೊಟ್ಟೆಗೆ 14, ಹಾಲಿಗೆ 14. ಒಟ್ಟು 48 ರೂಪಾಯಿ. ಇದಕ್ಕೆ ಎಣ್ಣೆ, ತೆಂಗಿನಕಾಯಿ, ನೀರುಳ್ಳಿ, ಒಂದು ತರಕಾರಿ, ಎರಡು ಬಾಳೆಹಣ್ಣು, ಗ್ಯಾಸ್ ಸೇರಿಸಿದರೆ ಎಪ್ಪತ್ತೈದು-ಎಂಬತ್ತರ ಆಸುಪಾಸು. ಕ್ಯಾಲೊರಿಯೂ ಸುಮಾರು ಎರಡು ಸಾವಿರ ಮುಟ್ಟುತ್ತದೆ. ನಿಮ್ಮ ಊರಿನ ಇವತ್ತಿನ ರೇಟು ಹಾಕಿ ಒಮ್ಮೆ ನೀವೇ ಲೆಕ್ಕ ಮಾಡಿ.

ಇದನ್ನು ಒಂದು ಸಾದಾ ಶವರ್ಮಾ ಮತ್ತು ಒಂದು ಲೈಮ್ ಜ್ಯೂಸ್‌ನ ಬಿಲ್ಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ಹೆಚ್ಚು ವಿವರಿಸಬೇಕಾಗಿಲ್ಲ. ಶವರ್ಮಾ ತಿನ್ನಲೇಬೇಡಿ ಎಂದಲ್ಲ. ಅದು ಒಂದು ದಿನದ ಪೂರ್ತಿ ಊಟದ ದುಡ್ಡು ಎಂಬುದು ಗೊತ್ತಿದ್ದು ತಿನ್ನಿ.

ಚಾ ಮತ್ತು ಪೊರೋಟದ ವಿಷಯ

ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿದ ಹಾಗೆ ಅನಿಸಬೇಕಾದರೆ ನಮ್ಮ ಕಡೆ ಎರಡು ಪೊರೋಟ, ಮೇಲೆ ಪುಕ್ಕಟೆ ಚಾರು. ಕೇರಳದ ಸಣ್ಣ ಹೋಟೆಲುಗಳಲ್ಲಿ ಪೊರೋಟಕ್ಕೆ ಕರಿ ತೆಗೆದುಕೊಳ್ಳದಿದ್ದರೆ ಬರೀ ಗ್ರೇವಿ ಸುರಿದು ಕೊಡುತ್ತಾರೆ, ಅದಕ್ಕೆ ಪ್ರತ್ಯೇಕ ಬಿಲ್ ಹಾಕದ ಕಡೆ ಬೇಕಾದಷ್ಟಿವೆ. ಹಾಸ್ಟೆಲ್ ಹುಡುಗರ ಪಾಲಿಗೆ ಇದು ದೊಡ್ಡ ಉಪಕಾರ. ಆದರೆ ಅದು ಮೈದಾ ಮತ್ತು ಎಣ್ಣೆ. ಚಾರಿನಲ್ಲಿ ಕೋಳಿಯ ಪರಿಮಳ ಇರುತ್ತದೆ, ಕೋಳಿ ಇರುವುದಿಲ್ಲ. ದಿನಾ ಅದೇ ಆದರೆ ಹೊಟ್ಟೆ ತುಂಬುತ್ತದೆ, ಆದರೆ ಎರಡೇ ಗಂಟೆಗೆ ಕ್ಲಾಸಿನಲ್ಲಿ ತೂಕಡಿಕೆ. ಅದೇ ಹೋಟೆಲಿನಲ್ಲಿ ಅದೇ ಎರಡು ಪೊರೋಟದ ಬದಲು ಒಂದು ಪೊರೋಟ, ಒಂದು ಪ್ಲೇಟ್ ಕಡಲೆ ಅಥವಾ ಹಸಿರುಬಟಾಣಿ ಕರಿ ಅಥವಾ ಒಂದು ಬೇಯಿಸಿದ ಮೊಟ್ಟೆ ತೆಗೆದುಕೊಂಡರೆ ಬಿಲ್ಲಿನಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಪುಟ್ಟು-ಕಡಲೆ, ಕಂಜಿ-ಪಯರ್ ಇನ್ನೂ ಉತ್ತಮ. ಹಿರಿಯರು ಅಕ್ಕಿಯ ಜೊತೆ ಕಾಳನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಅಕ್ಕಿಯ ಪ್ರೊಟೀನ್‌ನಲ್ಲಿ ಕೊರತೆ ಇರುವ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ.

ಚಾದ ಬಗ್ಗೆಯೂ ಎರಡು ಮಾತು. ಒಂದು ಲೋಟ ಚಾಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು-ಹತ್ತು ಗ್ರಾಂ. ದಿನಕ್ಕೆ ಐದು ಚಾ ಕುಡಿಯುವವನು ಊಟದ ಬದಲು ಐವತ್ತು ಗ್ರಾಂ ಸಕ್ಕರೆ ತಿಂದ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂಗಿಂತ ಕೆಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ. ಚಾ, ಕಡಿ, ಸಿಗರೇಟು ಈ ಮೂರರ ತಿಂಗಳ ಖರ್ಚನ್ನು ಒಂದು ತಿಂಗಳು ಮೊಬೈಲಿನಲ್ಲಿ ಬರೆದಿಟ್ಟು ನೋಡಿ. ಯುಪಿಐ ಬಂದ ಮೇಲೆ ಹತ್ತು-ಹದಿನೈದು ರೂಪಾಯಿ ಹೋದದ್ದು ಗೊತ್ತೇ ಆಗುವುದಿಲ್ಲ. ತಿಂಗಳ ಕೊನೆಗೆ ಆ್ಯಪ್‌ನ ಹಿಸ್ಟರಿ ತೆಗೆದರೆ ಗೊತ್ತಾಗುತ್ತದೆ.

ಜನಕೀಯ ಹೋಟೆಲ್

ಕೇರಳದಲ್ಲಿ ಓದುವವರಿಗೆ ಇರುವ ದೊಡ್ಡ ಅನುಕೂಲ ಕುಟುಂಬಶ್ರೀಯ ಜನಕೀಯ ಹೋಟೆಲುಗಳು. 1998ರಲ್ಲಿ ಶುರುವಾದ ಕುಟುಂಬಶ್ರೀ, ಬಡತನ ನಿರ್ಮೂಲನಕ್ಕೆ ಹೆಂಗಸರನ್ನೇ ಮುಂದಿಟ್ಟ ಯೋಜನೆ. 2020-21ರ ರಾಜ್ಯ ಬಜೆಟಿನಲ್ಲಿ 'ಹಸಿವುಮುಕ್ತ ಕೇರಳ'ದ ಭಾಗವಾಗಿ ಕಡಿಮೆ ಬೆಲೆಗೆ ಮಧ್ಯಾಹ್ನದ ಊಟ ಕೊಡುವ ಸಾವಿರ ಹೋಟೆಲುಗಳ ಘೋಷಣೆಯಾಯಿತು. ಅಷ್ಟರಲ್ಲಿ ಕೊರೋನ ಬಂತು, ಲಾಕ್‌ಡೌನ್ ಕಾಲದ ಕಮ್ಯೂನಿಟಿ ಕಿಚನ್‌ಗಳೇ ಎಷ್ಟೋ ಕಡೆ ಜನಕೀಯ ಹೋಟೆಲುಗಳಾದವು. ಸಪ್ಲೈಕೊ ಮೂಲಕ ಕಿಲೋಗೆ 10.90 ರೂಪಾಯಿಗೆ ಅಕ್ಕಿ, ಪ್ರತಿ ಊಟಕ್ಕೆ 10 ರೂಪಾಯಿ ಸಬ್ಸಿಡಿ, ಕಟ್ಟಡವನ್ನು ಪಂಚಾಯತ್ ಅಥವಾ ನಗರಸಭೆ ನೋಡಿಕೊಳ್ಳುವುದು. ಇಷ್ಟರ ಮೇಲೆ ನಿಂತದ್ದು 20 ರೂಪಾಯಿಯ ಊಟ.

2023ರ ಆಗಸ್ಟಿನಲ್ಲಿ ಆ 10 ರೂಪಾಯಿಯ ಸಬ್ಸಿಡಿ ನಿಂತಿತು. ಊಟ 30 ರೂಪಾಯಿ, ಪಾರ್ಸೆಲ್ 35 ಆಯಿತು. ಬಾಕಿ ಸಬ್ಸಿಡಿ ಸಿಗದೆ ಸಾಲದಲ್ಲಿ ಸಿಕ್ಕಿಬಿದ್ದ ಹೆಂಗಸರ ಗುಂಪುಗಳು ಪ್ರತಿಭಟನೆಗೂ ಇಳಿದಿದ್ದವು, ಕೆಲವು ಹೋಟೆಲುಗಳು ಬಾಗಿಲು ಹಾಕಿದವು. ಹಾಗಾಗಿ ನಿಮ್ಮ ಕಾಲೇಜಿನ ಹತ್ತಿರದ್ದು ಈಗ ತೆರೆದಿದೆಯೇ ಎಂದು ಪಂಚಾಯತ್ ಆಫೀಸಿನಲ್ಲೋ ಕುಟುಂಬಶ್ರೀಯ ಸಿಡಿಎಸ್ ಆಫೀಸಿನಲ್ಲೋ ಒಮ್ಮೆ ಕೇಳಿ. ತೆರೆದಿದ್ದರೆ ಬಿಡಬೇಡಿ. ಅನ್ನ, ಒಂದು ಸಾಂಬಾರೋ ಮೀನಿನ ಸಾರೋ, ಒಂದು ಪಲ್ಯ, ಉಪ್ಪಿನಕಾಯಿ. ಮೀನು ಫ್ರೈ, ಆಮ್ಲೆಟ್ ಬೇಕಾದರೆ 'ಸ್ಪೆಷಲ್' ಎಂದು ಬೇರೆ ದುಡ್ಡು. ಹೋಟೆಲ್ ನಡೆಸುವ ಚೇಚಿಯರಿಗೆ ಲಾಭ ಉಳಿಯುವುದು ಆ ಸ್ಪೆಷಲ್‌ನಲ್ಲಿ. ತಿಂಗಳಿಗೆ ನಾಲ್ಕು ಸಲವಾದರೂ ಅದನ್ನು ತೆಗೆದುಕೊಂಡರೆ ಅವರೂ ಉಳಿಯುತ್ತಾರೆ. ಇನ್ನೊಂದು ವಿಷಯ, ಒಂದು ಗಂಟೆಗೆ ಹೋದರೆ ಪಲ್ಯ ಇರುತ್ತದೆ, ಎರಡೂವರೆಗೆ ಹೋದರೆ ಅನ್ನ ಮಾತ್ರ ಇರುತ್ತದೆ, ಅದೂ ಇದ್ದರೆ.

ಅಲ್ಲಿ ಹೋಗಿ ತಿನ್ನಲು ನಾಚಿಕೆ ಪಡುವ ಹುಡುಗರಿದ್ದಾರೆ. ಗಲ್ಫಿನಲ್ಲಿ ಉಪ್ಪ ಇದ್ದಾರೆ, 30 ರೂಪಾಯಿ ಊಟಕ್ಕೆ ಸಾಲಿನಲ್ಲಿ ನಿಂತರೆ ಜನ ಏನೆಂದುಕೊಂಡಾರು ಎಂಬ ಯೋಚನೆ. ಉಪ್ಪ ಅಲ್ಲಿ ಎಂಟು ಜನರ ರೂಮಿನಲ್ಲಿ ಮೆಸ್ ಹಾಕಿಕೊಂಡು, ಪಾಳಿ ಪ್ರಕಾರ ಅಡುಗೆ ಮಾಡಿ ಉಳಿಸಿದ ದುಡ್ಡು ಅದು ಎಂದು ನೆನಪಿದ್ದರೆ ಆ ನಾಚಿಕೆ ನಿಲ್ಲುವುದು ಕಷ್ಟ. ಅಲ್ಲದೆ ಇದು ಬಡವರಿಗೆ ಮಾತ್ರ ಎಂದು ಬೋರ್ಡ್ ಹಾಕಿದ ಜಾಗ ಅಲ್ಲ. ಆಟೋದವರು, ಬ್ಯಾಂಕಿನವರು, ಕಲೆಕ್ಟರೇಟಿಗೆ ಕೆಲಸಕ್ಕೆ ಬಂದವರು ಎಲ್ಲರೂ ಅಲ್ಲಿ ತಿನ್ನಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಬೆಲೆ ಇದೆ. ಪೇಟೆಯ ಸಣ್ಣ ಹೋಟೆಲಿಗೆ ಒಬ್ಬಳೇ ಹೋಗಿ ಕುಳಿತು ಊಟ ಮಾಡುವುದು ನಮ್ಮ ಹುಡುಗಿಯರಿಗೆ ಇವತ್ತಿಗೂ ಸುಲಭವಲ್ಲ. ಅದಕ್ಕಾಗಿ ದುಬಾರಿ ಫ್ಯಾಮಿಲಿ ರೂಮ್ ಇರುವ ಕಡೆ ಹೋಗುತ್ತಾರೆ, ಇಲ್ಲವಾದರೆ ಉಪವಾಸ ಇದ್ದು ಮನೆಗೆ ಬಂದು ನಾಲ್ಕೂವರೆಗೆ ತಿನ್ನುತ್ತಾರೆ. ಬಡಿಸುವವರೂ ಕ್ಯಾಶ್‌ನಲ್ಲಿ ಕುಳಿತವರೂ ಹೆಂಗಸರೇ ಆಗಿರುವ ಜಾಗದಲ್ಲಿ ಆ ಸಂಕೋಚ ಇರುವುದಿಲ್ಲ. ಮಧ್ಯಾಹ್ನ ಬಿಟ್ಟುಬಿಡುವುದರ ಪರಿಣಾಮ ರಕ್ತದಲ್ಲಿ ಕಾಣಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ಕೇರಳದಲ್ಲಿ ಶೇ. 36.3, ಕರ್ನಾಟಕದಲ್ಲಿ ಶೇ. 47.8. ಕಬ್ಬಿಣದ ಅಂಶ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಸಾಕಾದರೆ ಹೆಂಗಸಿಗೆ 29 ಬೇಕು. ನುಗ್ಗೆಸೊಪ್ಪು, ಬಸಳೆ, ಹೆಸರು, ಅಲಸಂಡೆ, ಮೀನು ಇವೆಲ್ಲ ಇದಕ್ಕೆ ಸಹಾಯ. ಊಟದ ಮೇಲೆ ಅರ್ಧ ಲಿಂಬೆ ಹಿಂಡಿಕೊಂಡರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಬೆನ್ನಿಗೇ ಚಾ ಕುಡಿದರೆ ಅಷ್ಟು ಹತ್ತುವುದಿಲ್ಲ.

ಗಡಿಯಾಚೆ ಮಂಗಳೂರಿನಲ್ಲಿ ಇದಕ್ಕೆ ಹತ್ತಿರದ್ದು ಇಂದಿರಾ ಕ್ಯಾಂಟೀನ್. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಬಳಿಕ ಜಿಲ್ಲೆಗಳಿಗೂ ಬಂತು. ಬೆಳಗ್ಗಿನ ತಿಂಡಿ 5 ರೂ., ಊಟ 10 ರೂ. ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ, ಕಾರ್ಡ್ ತೋರಿಸಬೇಕಾಗಿಲ್ಲ. ಪ್ರಮಾಣ ನಿಗದಿ ಇರುತ್ತದೆ, ಎರಡನೇ ಸಲ ಬಡಿಸುವುದಿಲ್ಲ.

ರೂಮಿನಲ್ಲಿ ಅಡುಗೆ

ಮೂರು-ನಾಲ್ಕು ಜನ ಸೇರಿ ರೂಮ್ ಮಾಡಿದವರು ಒಂದು ಹೊತ್ತಾದರೂ ಅಡುಗೆ ಮಾಡಿಕೊಂಡರೆ ತಿಂಗಳ ಖರ್ಚು ಗಮನಾರ್ಹವಾಗಿ ಇಳಿಯುತ್ತದೆ. ಗ್ಯಾಸ್ ಕನೆಕ್ಷನ್‌ಗೆ ಅಡ್ರೆಸ್ ಪ್ರೂಫ್ ಇಲ್ಲ ಎಂಬುದು ಸಾಮಾನ್ಯ ತೊಂದರೆ. ಅದಕ್ಕೆ 5 ಕಿಲೋದ ಸಣ್ಣ ಸಿಲಿಂಡರ್ ಉಂಟು. ಇಂಡೇನ್‌ನವರು ಅದನ್ನು 'ಛೋಟು' ಎಂದು ಮಾರುತ್ತಾರೆ, ಬೇರೆ ಕಂಪೆನಿಗಳದ್ದೂ ಇದೆ. ಒಂದು ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಸಬ್ಸಿಡಿ ಇಲ್ಲದ್ದು, ಕಿಲೋ ಲೆಕ್ಕದಲ್ಲಿ ಮನೆಯ ಸಿಲಿಂಡರಿಗಿಂತ ದುಬಾರಿ. ಹಾಗಾಗಿ ಗ್ಯಾಸ್ ಉಳಿಸುವ ದಾರಿ ಬೇಕು.

ನಮ್ಮ ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ. ಇದಕ್ಕೆ ಕೇರಳದ ಮನೆಮನೆಯಲ್ಲಿ ಇರುವ ಪರಿಹಾರ ಥರ್ಮಲ್ ಕುಕ್ಕರ್. ಅಕ್ಕಿ ತೊಳೆದು ಹತ್ತು-ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಮುಚ್ಚಿ ಆ ಡಬ್ಬದೊಳಗಿಟ್ಟರೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಬೆಳಗ್ಗೆ ಇಟ್ಟು ಹೋದರೆ ಮಧ್ಯಾಹ್ನಕ್ಕೆ ಬಿಸಿ ಅನ್ನ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಇದೇ ತತ್ವದ 'ಚೂಡಾರಾಪ್ಪೆಟ್ಟಿ'ಯನ್ನು ಹಿಂದಿನಿಂದಲೂ ಪ್ರಚಾರ ಮಾಡುತ್ತ ಬಂದಿದೆ. ಡಬ್ಬ ಕೊಳ್ಳಲು ದುಡ್ಡಿಲ್ಲದವರು ರಟ್ಟಿನ ಪೆಟ್ಟಿಯೊಳಗೆ ಹಳೆ ಕಂಬಳಿ ಸುತ್ತಿ ಪಾತ್ರೆ ಇಟ್ಟರೂ ಕೆಲಸ ಆಗುತ್ತದೆ. ಹೆಸರು, ಕಡಲೆಯನ್ನು ರಾತ್ರಿಯೇ ನೆನೆಸಿಟ್ಟರೆ ಗ್ಯಾಸ್ ಇನ್ನೂ ಉಳಿಯುತ್ತದೆ.

ಅಡುಗೆ ಎಂದ ಕೂಡಲೇ ನೈಚೋರು, ಬಿರಿಯಾನಿ ಎಂದು ಹೊರಡಬೇಡಿ. ವಾರದ ನಡುವಿಗೆ ಬೇಕಾದದ್ದು ಇಪ್ಪತ್ತು ನಿಮಿಷದ ಅಡುಗೆ. ಗಂಜಿ, ಜೊತೆಗೆ ನೆನೆಸಿದ ಹೆಸರನ್ನು ತೆಂಗಿನಕಾಯಿ, ಹಸಿಮೆಣಸು ಹಾಕಿ ಬೇಯಿಸಿದ ಪಲ್ಯ. ತೊಗರಿಬೇಳೆಗೆ ನುಗ್ಗೆಸೊಪ್ಪು ಹಾಕಿದ ಸಾರು. ಅವಲಕ್ಕಿಗೆ ಬೆಲ್ಲ, ಕಾಯಿ, ಒಂದು ಬಾಳೆಹಣ್ಣು. ಮರಗೆಣಸು ಬೇಯಿಸಿ ಮೀನಿನ ಸಾರು. ಮೊಟ್ಟೆ ಹೇಗೂ ಇದೆ. ಮೇ ತಿಂಗಳಲ್ಲಿ ಮನೆಗೆ ಹೋದವರು ಹಲಸಿನ ಬೀಜ ತಂದಿಟ್ಟುಕೊಂಡರೆ ಮಳೆಗಾಲಕ್ಕೆ ಎಷ್ಟೋ ಸಾರಿನ ತರಕಾರಿ ಖರ್ಚು ಉಳಿಯಿತು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿದ ಮೇಲೆ ಅಂಗಡಿಯಲ್ಲಿ ಅದಕ್ಕೆ ಬೆಲೆ ಬಂದಿದೆ, ಆದರೆ ನಮ್ಮ ಹಿತ್ತಲಲ್ಲಿ ಬಿದ್ದು ಕೊಳೆಯುವುದು ನಿಂತಿಲ್ಲ.

ಮೀನು

ಮೀನಿಲ್ಲದೆ ನಮ್ಮ ಮಕ್ಕಳಿಗೆ ಊಟ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಬೂತಾಯಿ, ಅಂದರೆ ಕಾಸರಗೋಡು ಪೇಟೆಯಲ್ಲಿ ಮತ್ತಿ ಎಂದು ಕರೆಯುವುದು, ಬಡವರ ಮೀನು ಎಂದೇ ಹೆಸರು ಪಡೆದದ್ದು. ತಿನ್ನುವ ಭಾಗ 100 ಗ್ರಾಂ ಇದ್ದರೆ ಸುಮಾರು 18 ಗ್ರಾಂ ಪ್ರೊಟೀನ್, ಜೊತೆಗೆ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬು. ಮುಳ್ಳು ಸಮೇತ ಅಗಿದು ತಿನ್ನುವವರಿಗೆ ಕ್ಯಾಲ್ಸಿಯಂ ಕೂಡ.

ಆದರೆ ಬಡವರ ಮೀನು ಯಾವಾಗಲೂ ಬಡವರಿಗೆ ಸಿಗುವುದಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2012ರಲ್ಲಿ ಕೇರಳದ ಬೂತಾಯಿ ಇಳುವರಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಅದು 3,297 ಟನ್‌ಗೆ ಇಳಿಯಿತು. ನೂರು ಬುಟ್ಟಿ ಇದ್ದ ಕಡೆ ಒಂದು ಬುಟ್ಟಿಯೂ ಇಲ್ಲ ಎಂಬ ಸ್ಥಿತಿ. ಬಳಿಕ ಸ್ವಲ್ಪ ಚೇತರಿಸಿದೆ, ಆದರೆ ಈ ಮೀನಿನ ಸ್ವಭಾವವೇ ಹಾಗೆ, ಒಂದು ವರ್ಷ ರಾಶಿ, ಇನ್ನೊಂದು ವರ್ಷ ಇಲ್ಲ. ರೇಟು ಗಗನಕ್ಕೆ ಏರುವುದು ಮಳೆಗಾಲದಲ್ಲಿ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಕಾಲೇಜು ತೆರೆದು ಫೀಸು, ಪುಸ್ತಕ ಎಂದು ಕೈ ಖಾಲಿಯಾಗುವ ಸಮಯವೂ ಅದೇ. ಆ ಎರಡು ತಿಂಗಳು ಹಸಿ ಮೀನಿನ ಹಿಂದೆ ಹೋಗದೆ ಮೊಟ್ಟೆ, ಕಾಳು, ಒಣಮೀನು ಎಂದು ಇರುವುದು ಬುದ್ಧಿವಂತಿಕೆ. ಒಣ ಸಿಗಡಿಯನ್ನು ಹುರಿದು, ಕಾಯಿ, ಒಣಮೆಣಸು, ಹುಣಸೆಹುಳಿ ಹಾಕಿ ಉಮ್ಮ ಮಾಡಿಕೊಟ್ಟ ಚಟ್ನಿ ಒಂದು ಡಬ್ಬ ಇದ್ದರೆ ಗಂಜಿಗೆ ಬೇರೆ ಏನೂ ಬೇಡ. ಕಾಯಿಯನ್ನು ನೀರಿನಂಶ ಹೋಗುವ ತನಕ ಚೆನ್ನಾಗಿ ಹುರಿದಿರಬೇಕು, ಹಸಿಕಾಯಿ ಚಟ್ನಿ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ.

ನಿಷೇಧ ಮುಗಿದು ದೋಣಿ ಇಳಿದ ಮೇಲೆ ಚೆರ್ವತ್ತೂರಿನ ಮಡಕ್ಕರ ಬಂದರು, ಕಾಸರಗೋಡು ಕಸಬ, ಮಂಜೇಶ್ವರ ಕಡೆ ರೇಟು ಇಳಿಯುತ್ತದೆ. ಸಂಜೆಯ ಹೊತ್ತು ಮಾರ್ಕೆಟಿನಲ್ಲಿ ಉಳಿದ ಮೀನನ್ನು ಕಡಿಮೆಗೆ ಕೊಡುತ್ತಾರೆ ಎಂದು ಹೋಗುವವರು ಕಿವಿರು ಎತ್ತಿ ನೋಡಿ ಕೊಳ್ಳಿ. ಕೆಂಪಾಗಿರಬೇಕು, ಬೆರಳಿನಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಬೂತಾಯಿ, ಬಂಗುಡೆಯಂಥ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಇದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ಅಂಶ ಉತ್ಪತ್ತಿಯಾಗಿ ಮೈ ತುರಿಕೆ, ಮುಖ ಕೆಂಪಾಗುವುದು, ವಾಂತಿ ಆಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ.

ರೇಷನ್, ಮಾವೇಲಿ

ಇದನ್ನು ಹೆಚ್ಚಿನ ವಿದ್ಯಾರ್ಥಿಗಳು ಬಳಸುವುದೇ ಇಲ್ಲ. ಕೇರಳದಲ್ಲಿ ಹಳದಿ, ಪಿಂಕ್ ಕಾರ್ಡಿನ ಮನೆಯವರು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಬರುತ್ತಾರೆ, ನೀಲಿ ಮತ್ತು ಬಿಳಿ ಕಾರ್ಡಿನವರು ಬರುವುದಿಲ್ಲ. ಹಳದಿ, ಪಿಂಕ್ ಕಾರ್ಡಿನಲ್ಲಿ ಹೆಸರಿದ್ದು ಆಧಾರ್ ಜೋಡಣೆಯಾಗಿರುವ ವಿದ್ಯಾರ್ಥಿ, 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು. ಕೇರಳ, ಕರ್ನಾಟಕ ಎರಡೂ 2020ರ ಜನವರಿಯಲ್ಲೇ ಇದಕ್ಕೆ ಸೇರಿವೆ. ಮನೆಯವರ ಪಾಲು ಊರಲ್ಲೇ ಉಳಿಯುತ್ತದೆ, ತನ್ನ ಪಾಲನ್ನು ಮಾತ್ರ ಇಲ್ಲಿ ತೆಗೆಯಬಹುದು. ಮಂಗಳೂರಿನಲ್ಲಿ ರೂಮ್ ಮಾಡಿದ ಪಿಂಕ್ ಕಾರ್ಡಿನ ಹುಡುಗನಿಗೆ ಇದರಿಂದ ಅನುಕೂಲ. ಅಂಗಡಿಯವರು ಮೊದಲ ಸಲ "ಇಲ್ಲ, ಆಗುವುದಿಲ್ಲ" ಎಂದರೂ ಮಷಿನ್‌ನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಲು ಮರ್ಯಾದೆಯಿಂದ ಹೇಳಿ.

ಸಪ್ಲೈಕೊದ ಮಾವೇಲಿ ಸ್ಟೋರಿನಲ್ಲಿ ಹದಿಮೂರು ಸಾಮಾನು ಸಬ್ಸಿಡಿ ದರದಲ್ಲಿ ಇವೆ. ಹೆಸರು, ಉದ್ದು, ಕಡಲೆ, ಅಲಸಂಡೆ, ತೊಗರಿಬೇಳೆ, ಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ, ನಾಲ್ಕು ಬಗೆಯ ಅಕ್ಕಿ. 2016ರಿಂದ ಒಂದೇ ದರದಲ್ಲಿ ಇದ್ದದ್ದನ್ನು 2024ರ ಫೆಬ್ರವರಿಯಲ್ಲಿ ಬದಲಿಸಿ, ಮಾರುಕಟ್ಟೆ ದರಕ್ಕಿಂತ ಶೇ. 35 ಕಡಿಮೆ ಎಂಬ ಲೆಕ್ಕಕ್ಕೆ ತಂದರು. ಕಾರ್ಡಿಗೆ ತಿಂಗಳಿಗೆ ಇಷ್ಟೇ ಎಂಬ ಮಿತಿ ಇದೆ, ಎಲ್ಲ ಸಾಮಾನು ಎಲ್ಲ ದಿನ ಸಿಗುವುದೂ ಇಲ್ಲ. ಕಾರ್ಡ್ ಮನೆಯಲ್ಲಿ, ಹುಡುಗ ರೂಮಿನಲ್ಲಿ. ಹಾಗಾಗಿ ಇದು ಉಮ್ಮನ ಜೊತೆ ಸೇರಿ ಮಾಡುವ ಕೆಲಸ. ತಿಂಗಳ ಮೊದಲ ವಾರ ಮನೆಯವರು ಕಾಳು, ಎಣ್ಣೆ ತೆಗೆದಿಟ್ಟರೆ ಭಾನುವಾರ ಸಂಜೆಯ ರೈಲಿಗೆ ಬ್ಯಾಗಿನಲ್ಲಿ ಎರಡು ಕಿಲೋ ತೂಕ ಹೆಚ್ಚಾದೀತು, ಅಷ್ಟೇ.

ಹಾಸ್ಟೆಲಿನವರಿಗೆ

ಹಾಸ್ಟೆಲ್ ಮೆಸ್ ಎಷ್ಟೋ ಕಡೆ ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದ ದಿನಗಳ ಲೆಕ್ಕಕ್ಕೆ ಭಾಗ ಮಾಡುತ್ತಾರೆ. ಮನೆಗೆ ಹೋಗುವಾಗ ಮುಂಚೆಯೇ ಬರೆದು ಕೊಟ್ಟರೆ 'ಮೆಸ್ ಕಟ್' ಸಿಗುತ್ತದೆ. ಕನಿಷ್ಠ ಇಷ್ಟು ದಿನ ಸತತವಾಗಿ ಇಲ್ಲದಿದ್ದರೆ ಮಾತ್ರ ಎಂಬ ನಿಯಮ ಹಲವು ಕಡೆ ಇದೆ, ವರ್ಷದ ಆರಂಭದಲ್ಲೇ ಕೇಳಿ ತಿಳಿದುಕೊಳ್ಳಿ. ಮೆಸ್ಸಿಗೆ ದುಡ್ಡು ಕಟ್ಟಿ ರಾತ್ರಿ ಹೊರಗಿನಿಂದ ಆರ್ಡರ್ ಮಾಡಿ ತಿನ್ನುವವನು ಒಂದೇ ಊಟಕ್ಕೆ ಎರಡು ಸಲ ದುಡ್ಡು ಕೊಡುತ್ತಾನೆ. ಆ್ಯಪ್‌ನಲ್ಲಿ ಡೆಲಿವರಿ, ಪ್ಲಾಟ್‌ಫಾರ್ಮ್, ಪ್ಯಾಕಿಂಗ್ ಎಂದು ಸೇರಿಸಿ ಕೊನೆಗೆ ಬರುವ ಮೊತ್ತವನ್ನು ಹೋಟೆಲಿನ ಮೆನು ಕಾರ್ಡಿನ ಜೊತೆ ಹೋಲಿಸಿ ನೋಡಿ.

ಅಗ್ಗದ್ದು ಅಪಾಯದ್ದಾಗಬಾರದು

2022ರ ಮೇ 1ರಂದು ಚೆರ್ವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥಳಾಗಿದ್ದ ಹದಿನಾರು ವರ್ಷದ ವಿದ್ಯಾರ್ಥಿನಿ ಮೃತಪಟ್ಟಳು. ಹಲವಾರು ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ ಹೆಚ್ಚಿನವರು ಅವಳ ಪ್ರಾಯದವರೇ. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ನಮ್ಮ ಜಿಲ್ಲೆಯಲ್ಲಿ ನಡೆದ ಈ ಸಾವಿನ ನಂತರವೇ ಕೇರಳದಲ್ಲಿ ಶವರ್ಮಾ ತಯಾರಿಗೆ ಪ್ರತ್ಯೇಕ ಮಾರ್ಗಸೂಚಿ ಬಂದದ್ದು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧವಾಯಿತು. ಪಾರ್ಸೆಲ್ ಮೇಲೆ ತಯಾರಿಸಿದ ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಸ್ಲಿಪ್ ಇರಬೇಕು ಎಂಬ ಆದೇಶವೂ ಬಂತು.

ಆ ಸ್ಲಿಪ್ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಂದಿಲ್ಲ. ರಸ್ತೆ ಬದಿಯ ತಟ್ಟುಕಡದಲ್ಲಿ ತಿನ್ನಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕಣ್ಣೆದುರೇ ಬಿಸಿಬಿಸಿ ದೋಸೆ, ಆಮ್ಲೆಟ್ ಹಾಕಿಕೊಡುವ ತಟ್ಟುಕಡ, ಮಧ್ಯಾಹ್ನದ ಕೋಳಿಯನ್ನು ರಾತ್ರಿ ಬಿಸಿ ಮಾಡಿ ಕೊಡುವ ಎಸಿ ಹೋಟೆಲಿಗಿಂತ ಸುರಕ್ಷಿತ. ನೋಡಬೇಕಾದದ್ದು ಮೂರೇ: ಆಹಾರ ಹಬೆಯಾಡುವಷ್ಟು ಬಿಸಿ ಇದೆಯೇ, ಕುಡಿಯುವ ನೀರು ಕುದಿಸಿದ್ದೇ, ಮಾಂಸ ಒಳಗಿನ ತನಕ ಬೆಂದಿದೆಯೇ. ಶವರ್ಮಾದಲ್ಲಿ ಗಿರಾಕಿ ಹೆಚ್ಚಿದ್ದಾಗ ಒಳಗೆ ಬೇಯುವ ಮೊದಲೇ ಕತ್ತರಿಸಿ ಕೊಡುವುದು ಅಪಾಯದ ಮೂಲ. ಅರ್ಧ ತಿಂದು ಉಳಿದದ್ದನ್ನು ರೂಮಿಗೆ ತಂದು ಮರುದಿನಕ್ಕೆ ಇಡುವುದು ಉಳಿತಾಯ ಅಲ್ಲ.

ರೂಮಿನ ಅನ್ನಕ್ಕೂ ಇದೇ ಮಾತು. ಬೆಂದ ಅನ್ನವನ್ನು ಫ್ರಿಜ್ ಇಲ್ಲದೆ ಹೊತ್ತುಗಟ್ಟಲೆ ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಉಪ್ಪು, ನೀರುಳ್ಳಿ, ಮಜ್ಜಿಗೆ ಸೇರಿಸಿ ತಿನ್ನುವುದು ನಮ್ಮ ಹಳೆಯ ಕ್ರಮ. ಅದನ್ನು ಬೆಳಗ್ಗೆಯೇ ಮುಗಿಸಬೇಕು, ಕಾಲೇಜು ಮುಗಿಸಿ ಬಂದು ತಿನ್ನಬಾರದು.

ರಮಳಾನಿನಲ್ಲಿ

ನೋಂಬಿನ ತಿಂಗಳಲ್ಲಿ ಸಂಜೆಯ ಚಿಂತೆ ಕಡಿಮೆ. ಪೇಟೆಯ ಹೆಚ್ಚಿನ ಮಸೀದಿಗಳಲ್ಲಿ ಇಫ್ತಾರಿಗೆ ಗಂಜಿ, ಖರ್ಜೂರ, ಹಣ್ಣು ಇರುತ್ತದೆ. ಬಾಡಿಗೆ ರೂಮಿನ ಹುಡುಗರನ್ನು ಅಲ್ಲಿ ಯಾರೂ ಹೊರಗಿನವರೆಂದು ನೋಡುವುದಿಲ್ಲ. ಕಷ್ಟ ಇರುವುದು ಅತ್ತಾಳಕ್ಕೆ. ನಸುಕಿನಲ್ಲಿ ಹೋಟೆಲ್ ತೆರೆದಿರುವುದಿಲ್ಲ, ಹಾಸ್ಟೆಲಿನಲ್ಲಿ ಎಲ್ಲ ಕಡೆ ವ್ಯವಸ್ಥೆ ಇರುವುದಿಲ್ಲ, ಹಾಗಾಗಿ ನೀರು ಕುಡಿದು ಮಲಗುವವರು ಹೆಚ್ಚು. ಪರೀಕ್ಷೆಯೂ ಅದೇ ಸಮಯಕ್ಕೆ ಬಂದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು. ಒಲೆ ಇಲ್ಲದವರಿಗೂ ಆಗುವ ಅತ್ತಾಳ ಒಂದು ಉಂಟು: ರಾತ್ರಿಯೇ ಬೇಯಿಸಿ ಸಿಪ್ಪೆ ಸಮೇತ ಇಟ್ಟ ಎರಡು ಮೊಟ್ಟೆ, ಹಾಲಿನಲ್ಲೋ ಮೊಸರಿನಲ್ಲೋ ನೆನೆಸಿದ ಅವಲಕ್ಕಿ, ಒಂದು ನೇಂದ್ರ ಬಾಳೆಹಣ್ಣು, ಒಂದು ಹಿಡಿ ನೆಲಗಡಲೆ. ಹಾಲಿನ ಪ್ಯಾಕೆಟ್ ಇಡಲು ಫ್ರಿಜ್ ಇಲ್ಲವಾದರೆ ತರಾವೀಹ್ ಮುಗಿಸಿ ಬರುವಾಗ ತಂದು ಕಾಯಿಸಿಡಿ, ಕಾಯಿಸಲೂ ಅನುಕೂಲ ಇಲ್ಲದವರು ಅವಲಕ್ಕಿಗೆ ನೀರು ಚಿಮುಕಿಸಿ ಬೆಲ್ಲ, ಕಾಯಿತುರಿ ಹಾಕಿದರೂ ಆಯಿತು. ಉಪ್ಪಿನಕಾಯಿ, ಒಣಮೀನು ಅತ್ತಾಳಕ್ಕೆ ಬೇಡ, ಹಗಲು ಪೂರ್ತಿ ದಾಹ ಕಾಡುತ್ತದೆ.